ಅವಳಿಗೆ ಮಾತಿಲ್ಲದ ಅಂಕ

ಮುಂದೆ ನಿಂತವನ ಕಾಲರು ಎಡಕ್ಕೆ ಎಳೆದಿದೆ, ಕಾಲು ಇಂಚಾದರೂ ಇರಬೇಕು, ರೆಡಿಮೇಡ್ ಅಂದರೆ ಇಷ್ಟೇ, ಬಟ್ಟೆಗೆ ತಕ್ಕಂತೆ ಮೈ ಬಗ್ಗಬೇಕು — ಗೌಸ ಆ ಕಾಲರಿನಿಂದ ಕಣ್ಣು ಕೀಳಲಾರದೆ ನಿಂತಿದ್ದಾನೆ, ಗ್ರಾಂಟ್ ರೋಡಿನಲ್ಲಿ ಹತ್ತಿದ ಸ್ಲೋ ಲೋಕಲ್ ಮಹಾಲಕ್ಷ್ಮಿ ದಾಟಿದೆ, ಮಧ್ಯಾಹ್ನ ಮೂರೂವರೆಗೂ ಈ ಗರ್ದಿ, ಮೊದಲು ಹೀಗಿರಲಿಲ್ಲ, ಮೊದಲು ಈ ಹೊತ್ತಿಗೆ ಕಿಟಕಿಯ ಸೀಟು ಸಿಗುತ್ತಿತ್ತು, ಮೊದಲು ಮೊಣಕಾಲು ಕೂಡ ಹೀಗಿರಲಿಲ್ಲ. ಇವತ್ತಿಗೆ ಹನ್ನೊಂದನೆಯ ದಿನ. ಹನ್ನೊಂದು ದಿನದಿಂದ ಮೂರು ಗಂಟೆಗೆ ಕತ್ತರಿ ಕೆಳಗಿಡುವುದು, ಅಂಗಡಿಯ ಶಟರ್ ಅರ್ಧಕ್ಕೆ ಎಳೆಯುವುದು, ಲೋಕಲ್ ಹಿಡಿಯುವುದು, ಪ್ರಭಾದೇವಿಯಲ್ಲಿ ಇಳಿಯುವುದು. ರೋಜ್ ರೋಜ್ ಜಾರೇ ತುಮೇ, ಥಕ್ತೇ ನೈ ಕ್ಯಾ, ಬೆಳಿಗ್ಗೆ ಅಜೀಜಾಬಿ ಕೇಳಿದಳು, ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ, ಚಹಾದ ಕಪ್ಪು ಮುಂದಿಟ್ಟು ಉತ್ತರಕ್ಕೆ ಕಾಯದೆ ಒಳಗೆ ಹೋದಳು, ದಣಿಯದೆ ಏನು, ಮೈ ದಣಿದರೆ ಮಲಗಬಹುದು, ಇದು ಬೇರೆ ದಣಿವು, ಹಾಸಿಗೆಗೆ ಬಗ್ಗುವಂಥದ್ದಲ್ಲ. ದೋಸ್ತ ದೇವಾನಂದ ಮಲಗಿದ್ದಾನೆ, ಪರೇಲಿನ ಆಸ್ಪತ್ರೆಯ ಮೂರನೆಯ ಮಾಳಿಗೆ, ಕಿಟಕಿಯ ಪಕ್ಕದ ಹಾಸಿಗೆ. ಲಕ್ವಾ ಹೊಡೆದಿದೆ. ಬಲಗೈ ಎತ್ತುತ್ತಾನೆ, ಎಡಗೈ ಏಳುವುದಿಲ್ಲ, ಹಿಂದಿನದು ಮುಂದಿನದು ಎಲ್ಲ ಕಲಸಿಹೋಗಿದೆ, ಹೆತ್ತ ಮಗಳನ್ನು ಸಿಸ್ಟರ್ ಎಂದು ಕರೆಯುತ್ತಾನೆ, ಮನೆ ಎಲ್ಲಿ ಅಂದರೆ ಸವಣೂರು ಅನ್ನುತ್ತಾನೆ, ಮೂವತ್ತೆರಡು ವರ್ಷ ಸಂಸಾರ ಮಾಡಿದ ವಡಾಲದ ಮನೆ ಅವನ ತಲೆಯಿಂದ ಜಾರಿಹೋಗಿದೆ. ಉಳಿದಿರುವುದು ಒಂದೇ, ನಾಟಕ. ಅದರಲ್ಲಿ ಒಂದು ಅಕ್ಷರ ಹೋಗಿಲ್ಲ. ಡಾಕ್ಟರು ಹೇಳಿದರು, ಹೋತಾ ಹೈ ಚಾಚಾ, ಕೆಲವರಿಗೆ ಭಜನೆ ಉಳಿಯುತ್ತದೆ, ಕೆಲವರಿಗೆ ಮಗ್ಗಿ, ಇವರಿಗೆ ಇದು.

ಮೆಟ್ಟಿಲು, ಸೇತುವೆ, ಜನ ಭುಜಕ್ಕೆ ಭುಜ ತಾಗಿಸಿ ಹರಿಯುತ್ತಾರೆ, ಗೌಸ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾನೆ, ಆಗ ಈ ಸುತ್ತಲೆಲ್ಲ ಗಿರಣಿಯ ಚಿಮಣಿಗಳು, ಈಗ ಗಾಜಿನ ಬಿಲ್ಡಿಂಗುಗಳು, ಆಗ ಅಂದರೆ ತೊಂಬತ್ತೆರಡನೆಯ ಇಸವಿ, ವಡಾಲದ ಮುನಿಸಿಪಾಲಿಟಿ ಕನ್ನಡ ಶಾಲೆಯ ಸೋಮನಾಥ ಮಾಸ್ತರರು ಒಂದು ಹಳೆಯ ಇಂಗ್ಲಿಷ್ ನಾಟಕವನ್ನು ಕನ್ನಡಕ್ಕೆ ತಂದರು, ನಾನೂರು ವರ್ಷ ಹಿಂದಿನದಪ್ಪಾ, ರಾಣಿಯ ಮುಂದ ಆಡಿದ್ದು, ಅನ್ನುತ್ತಿದ್ದರು, ರಾಣಿ ನೋಡಿದ್ದಳೋ ಇಲ್ಲವೋ ಯಾರಿಗೆ ಗೊತ್ತು, ವಡಾಲದ ಹಮಾಲರು, ಮಾಟುಂಗದ ಹೋಟೆಲಿನವರು, ಗಿರಣಿಯ ಪಾಳಿ ಮುಗಿಸಿ ಬಂದವರು ಬೆಂಚಿನ ಮೇಲೆ ನಿಂತು ನೋಡಿದ್ದು ನಿಜ. ಇಬ್ಬರು ಗೆಳೆಯರು. ಒಬ್ಬಳು ರಾಜಕುಮಾರಿ. ದೊಡ್ಡ ಗೆಳೆಯ ಅವಳನ್ನು ಪ್ರೀತಿಸುತ್ತಾನೆ, ಸಣ್ಣ ಗೆಳೆಯ ಅವನಿಂದ ಅವಳ ಗುಣಗಾನ ಕೇಳಿ ಕೇಳಿ ತಾನೂ ಅವಳಲ್ಲಿ ಮನಸ್ಸಿಡುತ್ತಾನೆ, ಕೊನೆಗೆ ಕಾಡಿನಲ್ಲಿ ಕತ್ತಿ ಹಿರಿಯುತ್ತಾರೆ, ಸಣ್ಣವನು ಬೀಳುತ್ತಾನೆ, ಅಳುತ್ತಾನೆ, ದೊಡ್ಡವನು ಕತ್ತಿ ಎಸೆದು — ಗೆಳೆಯಾ, ಹೆಣ್ಣು ಇನ್ನೊಂದು ಸಿಕ್ಕೀತು, ನಿನ್ನಂಥ ಗೆಳೆಯ ಸಿಗಲಾರ, ಇಕೋ, ಇವಳ ಕೈ ಹಿಡಿ. ಚಪ್ಪಾಳೆ. ಸೀಟಿ. ದೊಡ್ಡ ಗೆಳೆಯ ದೇವಾನಂದ, ಸಣ್ಣವನು ಗೌಸ, ರಾಜಕುಮಾರಿ ಕಸ್ತೂರಿ. ತಾಲೀಮಿನ ಮೂರನೆಯ ಭಾನುವಾರ ಅವಳು ಕೇಳಿದಳು, ಅವಾಗ ನಾ ಏನ್ ಅನ್ಬೇಕ್ರಿ ಮಾಸ್ತರ? ಮಾಸ್ತರರು ಪುಟ ತಿರುವಿದರು, ಇನ್ನೊಮ್ಮೆ ತಿರುವಿದರು, ನಿನಗ ಮಾತಿಲ್ಲ ತಂಗಿ, ಮೂಲದಾಗೂ ಇಲ್ಲ, ತಲಿ ಬಗ್ಗಿಸಿ ನಿಂದರು, ಪರದೆ ಬೀಳ್ತದ. ಅವಳು ತಲೆ ಬಗ್ಗಿಸಿ ನಿಂತಳು. ಹದಿನೇಳು ಪ್ರಯೋಗ. ಹದಿನೇಳು ಸಲ ದೇವಾನಂದ ಅವಳ ಕೈಯನ್ನು ಗೌಸನ ಕೈಯಲ್ಲಿಟ್ಟ, ಪರದೆ ಬೀಳುವಷ್ಟು ಹೊತ್ತು ಅದು ಗೌಸನದು, ಆಮೇಲೆ ಬಣ್ಣ ಒರೆಸುವ ಕೋಣೆ, ಕೊಬ್ಬರಿ ಎಣ್ಣೆಯ ವಾಸನೆ, ಎಲ್ಲರ ಕೈ ಎಲ್ಲರಿಗೆ ವಾಪಸ್ಸು. ಎಲ್ಲರ ಬಟ್ಟೆ ಹೊಲಿದವನೂ ಗೌಸನೇ, ದೊಡ್ಡ ಗೆಳೆಯನ ಮಖಮಲ್ಲಿನ ಕೋಟಿಗೆ ಕಂಕುಳಲ್ಲಿ ಅರ್ಧ ಇಂಚು ಬಿಗಿ ಹಿಡಿದಿದ್ದ, ಬೇಕೆಂದೇ, ಕತ್ತಿ ಎತ್ತುವಾಗ ದೇವಾನಂದನ ಕೈ ಪೂರ್ತಿ ಮೇಲೇರುತ್ತಿರಲಿಲ್ಲ, ಯಾಕಲೇ ಗೌಸ, ಹಿಡೀತದಲ್ಲೋ ಇದು, ಅಂದರೆ ನೀ ದಪ್ಪ ಆಗೀ, ಅನ್ನುತ್ತಿದ್ದ. ಅಲ್ಲಾಹ್, ಅರ್ಧ ಇಂಚಿನ ಹೊಟ್ಟೆಕಿಚ್ಚು. ಆ ಪಾತ್ರ ತನಗೆ ಬರಬೇಕಿತ್ತು, ಧ್ವನಿ ತನ್ನದು ಚಲೋ ಇತ್ತು, ಮಾಸ್ತರರೇ ಹೇಳಿದ್ದರು, ಆದರೆ ಎತ್ತರ ದೇವಾನಂದನದು, ಮೂಗು ದೇವಾನಂದನದು.

ಸವಣೂರಿನ ಒಂದೇ ಗಲ್ಲಿಯವರು ಇಬ್ಬರೂ, ಒಂದೇ ರೈಲಿನಲ್ಲಿ ಬಂದವರು, ಗ್ರಾಂಟ್ ರೋಡಿನ ಚಾಳಿನಲ್ಲಿ ಒಂದೇ ಖೋಲಿ, ಒಂದೇ ಬಕೆಟ್ಟು, ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಹೋಗುವಂಥ ದೋಸ್ತಿ, ಅಂಥ ದೋಸ್ತಿಯಲ್ಲೂ ಒಂದು ಮಾತನ್ನು ಗೌಸ ಬಚ್ಚಿಟ್ಟಿದ್ದ — ತಾಲೀಮು ಮುಗಿದ ಮೇಲೆ ಕಸ್ತೂರಿಯ ಜೊತೆ ವಡಾಲ ಸ್ಟೇಷನ್ನಿನ ತನಕ ನಡೆದು ಹೋಗುತ್ತಿದ್ದದ್ದು, ಅವಳು ಬಲಗಡೆ, ಇವನು ಎಡಗಡೆ, ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ, ಆ ಜಾಗದಲ್ಲಿ ಏನೇನೋ ಮಾತು, ಅವಳ ಅಪ್ಪ ರಾಮಪ್ಪ ಬಂದರಿನ ಹಮಾಲರ ಮುಕಾದಮ, ಸಿಟ್ಟಿನ ಮನುಷ್ಯ, ಮಗಳನ್ನು ನಾಟಕಕ್ಕೆ ಕಳಿಸಿದ್ದೇ ಮಾಸ್ತರರ ಮೇಲಿನ ಭಕ್ತಿಗೆ. ಡಿಸೆಂಬರಿಗೆ ಮುಂಚೆ ಒಂದು ಸಂಜೆ, ಸ್ಟೇಷನ್ನಿನ ಸೇತುವೆಯ ಕೆಳಗೆ, ಹುಬ್ಬಳ್ಳಿ ಕಡಿಂದ ವರ ನೋಡ್ಯಾರ, ಅವರಿಗೆ ನಾ ಏನ್ ಹೇಳ್ಲಿ ಗೌಸ? ಅಷ್ಟೇ ಕೇಳಿದಳು. ಒಂದು ವಾರ ಟೈಮ್ ಕೊಡು, ನಾ ಬಂದು ಹೇಳ್ತೀನಿ, ಅಂದಿದ್ದ. ಆ ವಾರ ಬರಲೇ ಇಲ್ಲ. ಡಿಸೆಂಬರ್ ಬಂತು, ಜನವರಿ ಬಂತು, ಕೋಮುಗಲಭೆಯಲ್ಲಿ ಊರಿಗೆ ಬೆಂಕಿ ಬಿತ್ತು, ನಾಟಕ ನಿಂತಿತು, ಚಾಳಿನ ಬಾಗಿಲು ಬಡಿದು ಹೆಸರು ಕೇಳುವ ದಿನಗಳು, ದೇವಾನಂದ ನಾಲ್ಕು ದಿನ ಹೊಸ್ತಿಲಲ್ಲೇ ಕೂತ, ಒಳಗ ನನ್ನ ತಮ್ಮ ಅದಾನ, ಗುರುಪಾದ ಅಂತ, ಜ್ವರ ಬಂದದ, ಅಂದ, ಒಳಗೆ ಗೌಸ ಚಾದರ ಹೊದ್ದು ಗುರುಪಾದನಾಗಿ ನಡುಗಿದ, ನಿಜಕ್ಕೂ ಜ್ವರ ಬಂತು. ಮಾರ್ಚಿನಲ್ಲಿ ಒಂದು ಬೆಳಗ್ಗೆ, ಖೋಲಿಯ ಕೆಳಗಿನ ಉಡುಪಿ ಹೋಟೆಲಿನಲ್ಲಿ, ದೇವಾನಂದ ಇಡ್ಲಿ ಮುಟ್ಟದೆ ಕೂತಿದ್ದ. ಗೌಸ, ನಿನಗೊಂದು ಹೇಳ್ಬೇಕು, ನನಗ ಕಸ್ತೂರಿ ಬೇಕು, ನಿದ್ದಿ ಇಲ್ಲ, ಆದ್ರ ನಿಮ್ಮಿಬ್ಬರದೂ ಏನರ ಇದ್ರ ಈಗಲೇ ಹೇಳಿಬಿಡು, ನಾ ಈ ಮಾತು ಇಲ್ಲೇ ನುಂಗಿಬಿಡ್ತೀನಿ. ಕಣ್ಣಲ್ಲಿ ನೀರು ಆ ಎತ್ತರದ ಗಂಡಸಿಗೆ. ಗೌಸ ನೋಡಿದ, ಆ ಹೊಸ್ತಿಲು ಕಂಡಿತು, ಚಾದರ ಕಂಡಿತು, ಇನ್ನೂ ಏನೇನೋ ಕಂಡಿತು, ಕಂಡದ್ದನ್ನೆಲ್ಲ ಬಿಡಿಸಿ ನೋಡುವಷ್ಟು ಪುರುಸೊತ್ತಿರಲಿಲ್ಲ, ಚಹಾ ಆರುತ್ತಿತ್ತು, ಬಾಯಿಂದ ಬಂತು, ಇದ್ದದ್ದು ಹೌದೋ ದೇವ್ಯಾ, ಆದ್ರ ನೀನs ಮಾಡ್ಕೊ, ನಾ ಬಿಟ್ಟುಕೊಟ್ಟೀನಿ. ಅಂದ ಕೂಡಲೇ ಎದೆ ಹಿಗ್ಗಿತು, ಸುಳ್ಳು ಯಾಕೆ, ಹಿಗ್ಗಿತು, ರಂಗದ ಮೇಲೆ ಅವನು ಕೊಡುತ್ತಿದ್ದ, ನಿಜದಲ್ಲಿ ಕೊಟ್ಟವನು ನಾನು, ದೊಡ್ಡ ಗೆಳೆಯನ ಪಾತ್ರ ಕೊನೆಗೂ ಸಿಕ್ಕಿತ್ತು, ಚಪ್ಪಾಳೆ ಮಾತ್ರ ಇರಲಿಲ್ಲ. ಆ ಮೇ ತಿಂಗಳಲ್ಲಿ ಲಗ್ನ. ಮದುಮಗನ ಕೋಟು ಹೊಲಿದವನು ಗೌಸ, ಕಂಕುಳಲ್ಲಿ ಬಿಗಿ ಇರಲಿಲ್ಲ. ಲಗ್ನವಾದ ಮರುವಾರ ಕಸ್ತೂರಿ ಅವನನ್ನು ಗೌಸಭಾಯಿ ಎಂದು ಕರೆದಳು, ಚಹಾ ತಗೋರಿ ಗೌಸಭಾಯಿ, ಅದೇ ಶುರು, ಮೂವತ್ತೆರಡು ವರ್ಷ ಅದೇ ಹೆಸರು, ಈದಿಗೆ ಇವನ ಮನೆಯಿಂದ ಶೀರಖುರ್ಮಾ, ದೀಪಾವಳಿಗೆ ಅವರ ಮನೆಯಿಂದ ಕರಜಿಕಾಯಿ, ಅಜೀಜಾಬಿಗೂ ಅವಳಿಗೂ ಅಕ್ಕತಂಗಿಯರ ಹಾಗೆ ನಡೆಯಿತು, ಎಲ್ಲ ಚಂದವೇ ಆಯಿತು, ನಿದ್ದೆ ಬಾರದ ಹೊತ್ತಿನಲ್ಲಿ ಗೌಸ ಆ ಉಡುಪಿ ಹೋಟೆಲಿನ ಬೆಳಗನ್ನು ತೆಗೆದು, ಒರೆಸಿ, ನೋಡಿ, ಮತ್ತೆ ಮಡಚಿಡುತ್ತಿದ್ದ, ಜೀವನದಲ್ಲಿ ಒಂದಾದರೂ ದೊಡ್ಡದು ಮಾಡಿದ್ದೇನೆ, ಅದು ಸಾಕು.

ಲಿಫ್ಟ್ ಬಂದ್, ಮೂರು ಮಾಳಿಗೆ ಹತ್ತಬೇಕು, ಎರಡನೆಯದರಲ್ಲಿ ನಿಂತು ಉಸಿರು ಬಿಟ್ಟ, ಫಿನಾಯಿಲ್, ಬೇಯಿಸಿದ ಅನ್ನ, ಯಾರದೋ ಕೆಮ್ಮು. ವಾರ್ಡಿನಲ್ಲಿ ಸಪ್ನಾ ಇದ್ದಳು, ಇಲ್ಲೇ ಹತ್ತಿರದ ಆಫೀಸಿನವಳು, ಕೊರಳಲ್ಲಿ ಕಾರ್ಡ್ ನೇತಾಡುತ್ತಿದೆ, ಅಪ್ಪನ ಮೂಗು, ಅಮ್ಮನ ಹಣೆ. ಅಂಕಲ್ ಬಂದ್ರಾ, ಪಪ್ಪಾ ಆಜ್ ಸುಬೇ ಸೇ ಚುಪ್ ಇದಾರೆ, ನೀವು ಬಂದ್ರೆ ಡೈಲಾಗ್ ಹೇಳ್ತಾರೆ, ಮುಝೇ ರೆಕಾರ್ಡ್ ಕರನಾ ಹೈ, ಅಂದಳು, ಮೊಬೈಲ್ ಕೈಯಲ್ಲೇ ಇತ್ತು. ಹಾಸಿಗೆಯ ಆಚೆ ಕಸ್ತೂರಿಬಾಯಿ, ಸ್ಟೂಲಿನ ಮೇಲೆ, ಬೆನ್ನು ಗೋಡೆಗೆ ಕೊಟ್ಟು, ಕೂದಲು ಅರ್ಧಕ್ಕಿಂತ ಹೆಚ್ಚು ಬೆಳ್ಳಗಾಗಿದೆ, ಹನ್ನೊಂದು ದಿನದಲ್ಲಿ ಕಣ್ಣ ಕೆಳಗೆ ಎರಡು ಗುಳಿ, ಬರ್ರಿ ಗೌಸಭಾಯಿ, ಅಂದಳು, ಏಳಲಿಲ್ಲ, ಏಳುವ ಶಕ್ತಿ ಇರಲಿಲ್ಲ. ದೇವಾನಂದ ತಲೆ ತಿರುಗಿಸಿದ. ಗೌಸನನ್ನು ಕಂಡದ್ದೇ ಅವನ ಕಣ್ಣಿನೊಳಗೆ ಯಾರೋ ದೀಪ ಹಚ್ಚಿದ ಹಾಗಾಯಿತು, ದಿನಾ ಹೀಗೇ, ಮಗಳಿಗಿಲ್ಲದ ಬೆಳಕು ತನಗೆ, ಒಂದು ಕ್ಷಣ ಹೆಮ್ಮೆ, ಮರುಕ್ಷಣ ನಾಚಿಕೆ. ಬಲಗೈ ಚಾಚಿ ಹೆಂಡತಿಯ ಕೈ ಹಿಡಿದ, ಗಟ್ಟಿಯಾಗಿ, ಒಡೆದ ಧ್ವನಿಯಲ್ಲಿ, ಒಂದು ಬದಿಗೆ ಜಾರಿದ ತುಟಿಯಿಂದ, ಆದರೆ ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿ — ಗೆಳೆಯಾ, ಹೆಣ್ಣು ಇನ್ನೊಂದು ಸಿಕ್ಕೀತು, ನಿನ್ನಂಥ ಗೆಳೆಯ ಸಿಗಲಾರ, ಇಕೋ, ಇವಳ ಕೈ ಹಿಡಿ. ವಾವ್ ಪಪ್ಪಾ, ಅಂದಳು ಸಪ್ನಾ, ಪಕ್ಕದ ಹಾಸಿಗೆಯ ಮರಾಠಿ ಅಜ್ಜ ನಕ್ಕ. ಹತ್ತು ದಿನ ಗೌಸ ಆ ಕೈಯನ್ನು ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಟ್ಟಿದ್ದ, ಹುಚ್ಚು ಮಾತು, ಏನು ಮಾಡುವುದು ಅಂತ, ಇವತ್ತು ಬಿಡಲಿಲ್ಲ. ಯಾಕೆ ಬಿಡಲಿಲ್ಲ, ಮೊಣಕಾಲು ನೋಯುತ್ತಿತ್ತು, ಹಾಸಿಗೆಯ ಅಂಚಿಗೆ ಕೂತಿದ್ದ, ಕೈ ಬಂತು, ಬೆಚ್ಚಗಿತ್ತು, ಒಣಗಿತ್ತು, ಅರುವತ್ತು ಹತ್ತಿರ ಬಂತು, ಇನ್ನೆಷ್ಟು ಸಲ, ಇದೇ ಕೊನೆಯ ಅಂಕ ಇರಬೇಕು, ಮೂವತ್ತೆರಡು ವರ್ಷದಿಂದ ಹೇಳದ, ಸಣ್ಣ ಗೆಳೆಯನ ಕೊನೆಯ ಮಾತು ಬಾಯಿಗೆ ತಾನಾಗಿ ಬಂತು, ಗೆಳೆಯಾ, ಏಳೇಳು ಜನ್ಮಕ್ಕೂ ನಿನ್ನ ಋಣಿ ನಾನು. ಧ್ವನಿ ಚೆನ್ನಾಗಿಯೇ ಬಂತು. ದೇವಾನಂದ ಸಮಾಧಾನದಿಂದ ಕಣ್ಣು ಮುಚ್ಚಿದ. ಪರದೆ ಬೀಳುವಷ್ಟು ಹೊತ್ತು ಗೌಸ ಹಿಡಿದೇ ಇದ್ದ, ಪರದೆ ಬಿದ್ದ ಮೇಲೂ ಹಿಡಿದಿದ್ದ.

ಸಪ್ನಾ, ಕೆಳಗ ಹೋಗಿ ಆ ಗುಳಿಗಿ ಬಂದಾವೇನು ನೋಡು, ಅಂದಳು ಕಸ್ತೂರಿಬಾಯಿ. ಅಭೀ? ಹೂಂ, ಈಗ. ಮಗಳು ಹೋದಳು. ಅವಳ ಹೆಜ್ಜೆಯ ಸಪ್ಪಳ ಮೆಟ್ಟಿಲಿಗೆ ಇಳಿಯುವ ತನಕ ಕಾದು ಕಸ್ತೂರಿಬಾಯಿ ತನ್ನ ಕೈಯನ್ನು ತೆಗೆದುಕೊಂಡಳು, ಎಳೆಯಲಿಲ್ಲ, ತನ್ನದನ್ನು ತಾನು ತೆಗೆದುಕೊಳ್ಳುವ ಹಾಗೆ. ಗೌಸ, ಅಂದಳು. ಭಾಯಿ ಇಲ್ಲ. ಬರಿಯ ಗೌಸ, ಆ ಸೇತುವೆಯ ಕೆಳಗಿನ ಧ್ವನಿಯಲ್ಲೇ. ಇವರು ತಿಳೀದs ಹೇಳ್ತಾರ. ನೀ ತಿಳಿದು ಹಿಡ್ಕೊಂಡಿ. ನನಗ ಗೊತ್ತಿಲ್ಲ ಅಂತ ಮಾಡಿಯೇನು? ಲಗ್ನದ ಮರುದಿನಾನs ಇವರು ಹೇಳಿದ್ರು, ಖುಷಿಲೇ ಹೇಳಿದ್ರು, ಗೌಸ ನಿನ್ನ ನನಗ ಬಿಟ್ಟುಕೊಟ್ಟ, ಎಂಥಾ ಗೆಳೆಯ ನೋಡು ಅಂತ. ನಾ ಚಪಾತಿ ಲಟ್ಟಸ್ಲಿಕತ್ತಿದ್ದೆ. ಲಟ್ಟಿಸಿ ಮುಗಿಸಿದೆ. ಗೌಸ ಅಂದ, ಕಸ್ತೂರಿ, ಆ ಜನವರಿ — ಗೊತ್ತದ, ಅಂದಳು ಅವಳು, ಆ ಜನವರಿ ನಾನೂ ನೋಡೀನಿ, ಇದೇ ಊರಾಗಿದ್ದೆ. ನೀ ಬಂದು, ಕಸ್ತೂರಿ ನನಗ ಹೆದರಿಕಿ ಆಗ್ಯದ, ನಿಮ್ಮಪ್ಪ ಕಡೀತಾನ, ನಮ್ಮವರು ಬಿಡೂದಿಲ್ಲ, ಆಗೂದಿಲ್ಲ ಅಂದಿದ್ರ ತಿಳಕೋತಿದ್ದೆ. ಅತ್ತು ಸುಮ್ಮನಾಗ್ತಿದ್ದೆ. ಒಂದು ವಾರ ಅಂದಿದ್ದಿ, ನಾ ಐದು ತಿಂಗಳು ಹುಬ್ಬಳ್ಳಿಯವರಿಗೆ ಒಂದಿಲ್ಲೊಂದು ನೆವ ಹೇಳಿದೆ. ಹೆದರಿಕಿಗೆ ದಾನ ಅಂತ ಹೆಸರಿಟ್ಟಿ ನೀನು. ಅದೇನು ನಿನ್ನ ಅಂಗಡ್ಯಾಗಿನ ಕೋಟೇನು, ಬಿಟ್ಟುಕೊಡ್ಲಿಕ್ಕೆ? ಇಬ್ಬರೂ ಇಡ್ಲಿ ಮುಂದ ಇಟ್ಕೊಂಡು ಮಾತಾಡಿದ್ರಿ. ನನ್ನ ಯಾರು ಕೇಳಿದ್ರು? ಅಪ್ಪ ಕೇಳಿದ. ಆ ಸಿಟ್ಟಿನ ಮುದುಕ ಒಬ್ಬನs ಕೇಳಿದ, ದೇವಾನಂದ ಒಪ್ಪಿಗಿ ಏನು ನಿನಗ ಅಂತ. ಹೂಂ ಅಂದೆ. ಅಂದದ್ದಕ್ಕ ಬಾಳೇನಿ, ಚಲೋನs ಬಾಳೇನಿ, ಇವರು ಒಳ್ಳೆಯವರು. ಅದಕ್ಕ ನಿನಗೇನು ಸಂಬಂಧ ಇಲ್ಲ. ಧ್ವನಿ ಏರಲಿಲ್ಲ, ಅದೇ ದಣಿದ ಧ್ವನಿ, ಔಷಧಿಯ ಹೊತ್ತು ಹೇಳುವ ಧ್ವನಿ. ಗೌಸನ ಕೈಗಳು ತೊಡೆಯ ಮೇಲಿದ್ದವು, ಅವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ದೇವಾನಂದ ಕಣ್ಣು ತೆರೆದ. ಹೆಂಡತಿಯನ್ನು ನೋಡಿದ, ಹುಬ್ಬು ಗಂಟಿಕ್ಕಿದ, ಎಡಬದಿಯ ಗೋಡೆಯ ಕಡೆ, ಅಲ್ಲಿ ಮಾಸ್ತರರು ಪುಸ್ತಕ ಹಿಡಿದು ನಿಂತಿದ್ದಾರೋ ಎಂಬಂತೆ ತಿರುಗಿ, ಮಾಸ್ತರ, ಇಕಿ ಮಾತಾಡ್ಲಿಕತ್ಯಾಳ, ಈ ಮಾತು ನಾಟಕದಾಗ ಇಲ್ಲ, ಅಂದ. ಕಸ್ತೂರಿಬಾಯಿ ಅವನ ಹಣೆಯ ಮೇಲಿನ ಕೂದಲು ಸರಿಸಿದಳು. ಇಲ್ರೀ, ನಾಟಕದಾಗ ಇಲ್ಲ, ಅಂದಳು. ಆಯಾ ಗಂಜಿಯ ಬಟ್ಟಲು ತಂದಿಟ್ಟು ಹೋದಳು. ಕಸ್ತೂರಿಬಾಯಿ ಸ್ಟೂಲನ್ನು ಹಾಸಿಗೆಗೆ ಹತ್ತಿರ ಎಳೆದುಕೊಂಡು, ಗಂಡನ ಕೊರಳಿಗೆ ಟವೆಲ್ ಸುತ್ತಿ, ಚಮಚ ಹಿಡಿದಳು. ಆ ಎಂದಳು. ಅವನು ಬಾಯಿ ತೆರೆದ. ಗೌಸ ಅಲ್ಲೇ ಕೂತಿದ್ದ, ತಪ್ಪಾತು ಕಸ್ತೂರಿ, ಅಂದ, ಅವಳು ತಿರುಗಲಿಲ್ಲ, ಗೊತ್ತಾತು, ಅಂದಳು, ನಾಳೆ ಬರೂದಾದ್ರ ಬರ್ರಿ, ಇವರಿಗೆ ನಿಮ್ಮನ್ನ ನೋಡಿದ್ರ ಸಮಾಧಾನ, ಆದ್ರ ಅವರು ಕೈ ಕೊಟ್ರ ಇನ್ನ ನಾ ಕೊಡೂದಿಲ್ಲ. ನಿಮ್ಮ ಕೈ ಅವರು ಹಿಡೀಲಿ. ಬರ್ರಿ ಅಂದಳು, ಬಹುವಚನ ವಾಪಸ್ಸು ಬಂತು, ಭಾಯಿ ಬರಲಿಲ್ಲ.

ಇಳಿದು ಬಂದದ್ದು ಹೇಗೋ, ಮೆಟ್ಟಿಲಲ್ಲಿ ಸಪ್ನಾ ಎದುರಾದಳು, ಜಾ ರಹೇ ಹೋ ಅಂಕಲ್, ವಿಡಿಯೋ ಮಸ್ತ್ ಬಂದಿದೆ, ಕಳಿಸ್ತೀನಿ, ಅಂದಳು, ಹೂಂ ಬೇಟಾ, ಅಂದ, ಈಗ ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಾನೆ, ಬಿಸಿಲು ಇನ್ನೂ ಇದೆ, ಒಂದು ಬಸ್ ಬಂದು ಹೋಯಿತು, ಹತ್ತಲಿಲ್ಲ, ಸೀಟಿತ್ತು, ಆದರೂ ಹತ್ತಲಿಲ್ಲ. ಅಜೀಜಾಬಿ ಕೇಳುತ್ತಾಳೆ, ಹೆಂಗ ಅದಾರ, ಏನು ಹೇಳುವುದು. ಆ ಉಡುಪಿ ಹೋಟೆಲಿನ ಬೆಳಗನ್ನು ತೆಗೆದು ನೋಡಲು ಹೋದ, ಮೂವತ್ತೆರಡು ವರ್ಷ ಒರೆಸಿಟ್ಟದ್ದು, ಈಗ ಅಲ್ಲಿ ಇಬ್ಬರು ಗಂಡಸರು ಕೂತಿದ್ದಾರೆ, ಮುಂದೆ ಇಡ್ಲಿ, ಇಬ್ಬರೂ ಅಳುತ್ತಿದ್ದಾರೆ, ಇಬ್ಬರೂ ತಮ್ಮನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದಾರೆ, ಮೂರನೆಯ ಕುರ್ಚಿ ಖಾಲಿ. ಹೆದರಿಕೆಯೇ ಅದು, ಹೌದು, ಆ ಚಾದರದೊಳಗಿಂದ ಹೊರಗೆ ಬರಲೇ ಇಲ್ಲ ತಾನು, ಗುರುಪಾದನಾಗಿಯೇ ಹೋಟೆಲಿಗೆ ಹೋಗಿದ್ದ, ಹಾಗೆಂದು ಹೇಳಿದ್ದರೆ ಸಾಕಿತ್ತಂತೆ, ಐದು ತಿಂಗಳು ಕಾದಳಂತೆ, ಖೋಲಿಯಿಂದ ವಡಾಲ ಎಷ್ಟು ದೂರ, ಅರ್ಧ ತಾಸಿನ ದಾರಿ. ಇನ್ನೊಂದು ಬಸ್. ನಾಳೆ ಹೋಗಬೇಕು, ದೇವ್ಯಾನ ಕೈ ಹಿಡಿದು ಕೂರಬೇಕು, ಅಷ್ಟೇ, ಹೋಗುತ್ತೇನೆ, ಕಂಡಕ್ಟರ್ ಕೂಗುತ್ತಾನೆ, ಚಲಾ ಚಲಾ, ಹೊರಡುವಾಗ ವಾರ್ಡಿನ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದ್ದೇ ತಪ್ಪಾಯಿತು, ಅವಳ ಬೆನ್ನು ಕಂಡಿತು, ಬಟ್ಟಲು ಕಂಡಿತು, ಗಂಜಿ ಮುಗಿದಿತ್ತು, ಅವಳಿಗೆ ತಿಳಿದಿರಲಿಲ್ಲ, ಚಮಚದಿಂದ ತಳ ಕೆರೆಯುತ್ತಿದ್ದಳು, ಏನೂ ಬರಲಿಲ್ಲ, ಮತ್ತೆ ಕೆರೆದಳು, ದೇವಾನಂದ ಬಾಯಿ ತೆರೆದುಕೊಂಡು ಕಾಯುತ್ತಿದ್ದ — ಬಸ್ ಹೋಯಿತು — ಸ್ಟೀಲಿಗೆ ಸ್ಟೀಲು, ಕರ್, ಅವಳ ಭುಜ ಸಣ್ಣಗೆ ಅಲುಗುತ್ತಿತ್ತು, ಕೆರೆಯುವುದಕ್ಕೋ ಇನ್ನೇತಕ್ಕೋ, ಖಾಲಿ ಬಟ್ಟಲು, ಚಮಚ, ಕರ್, ಮತ್ತೆ ಚಮಚ.